ಬೆಟ್ಟದಿಂದ ವಾಪಸ್ ಬಂದವರಿಗೆ ನಷ್ಟ ಆಗದಿರಲಿ

ಕೊಡಗು ಜಿಲ್ಲಾಡಳಿತಕ್ಕೆ, ಅರಣ್ಯ ಇಲಾಖೆಗೆ, ಪ್ರವಾಸೋದ್ಯಮ ಇಲಾಖೆಗೆ, ಜೊತೆಗೆ ನಮ್ಮ ಹೋಂಸ್ಟೇಯವರಿಗೆ ಮತ್ತು ಜೀಪಿನವರಿಗೆ,

ನಮಸ್ಕಾರ.

ಮಳೆ ಶುರುವಾಗುವ ಮೊದಲೇ ಒಂದು ವಿಷಯ ತೀರ್ಮಾನ ಆಗಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ. ಮಾಂದಲ್‌ಪಟ್ಟಿ, ಕೋಟೆಬೆಟ್ಟ, ತಡಿಯಂಡಮೋಳ್, ಎಲ್ಲೇ ಆಗಲಿ, ಹವಾಮಾನ ಕೆಟ್ಟಿತು ಅಂತ ಅರ್ಧ ದಾರಿಯಿಂದ ತಿರುಗಿ ಬಂದ ಪ್ರವಾಸಿಗೆ ದುಡ್ಡು ಹೋಗಬಾರದು. ಅವರನ್ನು ತಿರುಗಿಸಿಕೊಂಡು ಬಂದ ಡ್ರೈವರಿಗೂ ಅವತ್ತಿನ ಸಂಪಾದನೆ ಹೋಗಬಾರದು. ನಾನು ಕೇಳುತ್ತಿರುವುದು ಇದೊಂದನ್ನೇ. ಉಳಿದದ್ದೆಲ್ಲ ಇದಕ್ಕೆ ಕಾರಣ ಮತ್ತು ದಾರಿ.

ನಾನು ಮಡಿಕೇರಿಯ ಮೇಲ್ಭಾಗದ ಒಂದು ಊರಿನಲ್ಲಿ ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಜೊತೆಗೆ ಸಣ್ಣದೊಂದು ಹೋಂಸ್ಟೇ ಇಟ್ಟುಕೊಂಡಿರುವವಳು. ಬಂದ ಮಕ್ಕಳೆಲ್ಲ ನನ್ನನ್ನು ಆಂಟಿ ಅಂತಲೇ ಕರೆಯುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಬೆಟ್ಟದಲ್ಲಿ ಏನಾದರೂ ಆದ ಮರುದಿನ 'ಈ ಪ್ರವಾಸಿಗರಿಗೆ ಬುದ್ಧಿ ಇಲ್ಲ' ಅನ್ನುವುದು ನಮ್ಮಲ್ಲಿ ರೂಢಿ. ಬುದ್ಧಿ ಇರುವವರೇ ಬರುತ್ತಾರೆ. ಆದರೆ ಮೇಲೆ ಹತ್ತುವ ಹೊತ್ತಿಗೆ ಅವರ ಬುದ್ಧಿ ಕೆಲಸ ಮಾಡದ ಹಾಗೆ ನಾವೇ ವ್ಯವಸ್ಥೆ ಮಾಡಿಟ್ಟಿದ್ದೇವೆ.

ಹೇಗೆ ಅಂತ ನೋಡಿ. ಶುಕ್ರವಾರ ಆಫೀಸು ಮುಗಿಸಿ ರಾತ್ರಿ ಬೆಂಗಳೂರು ಬಿಡುತ್ತಾರೆ. ಕುಶಾಲನಗರ ದಾಟುವಾಗ ಬೆಳಗಿನ ಜಾವ. ನಿದ್ದೆ ಇಲ್ಲ, ತಿಂಡಿ ಸರಿಯಾಗಿ ಆಗಿಲ್ಲ. ರೂಮಿಗೆ ಮುಂಗಡ ಕೊಟ್ಟಾಗಿದೆ. ಜೀಪಿಗೆ ಬಾಡಿಗೆ ಮಾತಾಡಿ ಆಗಿದೆ. ಚೆಕ್‌ಪೋಸ್ಟಿನಲ್ಲಿ ಟಿಕೆಟ್ ತೆಗೆದಾಗಿದೆ. ಮೇಲೆ ಹೋಗುತ್ತಾ ಹೋಗುತ್ತಾ ಮಂಜು ಕವಿಯುತ್ತದೆ, ಗಾಳಿ ಏಳುತ್ತದೆ, ವೈಪರ್ ಹೊಡೆದಷ್ಟೂ ಗಾಜು ಬೆಳ್ಳಗೇ ಇರುತ್ತದೆ. ಡ್ರೈವರ್ ಸ್ವಲ್ಪ ನಿಧಾನ ಮಾಡಿ, 'ಸಾರ್, ಮೇಲೆ ಏನೂ ಕಾಣೋದಿಲ್ಲ ಇವತ್ತು' ಅನ್ನುತ್ತಾನೆ. 'ವಾಪಸ್ ಹೋದ್ರೆ ದುಡ್ಡು?' ಅಂತ ಹಿಂದಿನ ಸೀಟಿನಿಂದ ಪ್ರಶ್ನೆ. ಅವನ ಹತ್ತಿರ ಉತ್ತರ ಇಲ್ಲ. ಜೀಪಿನ ಕಂತು ಕಟ್ಟಬೇಕು, ಡೀಸೆಲ್ ಆಗಲೇ ಸುಟ್ಟಿದೆ. 'ಹಾಗಾದ್ರೆ ನಡೀರಿ ಅಣ್ಣಾ, ಇಷ್ಟು ದೂರ ಬಂದು ಒಂದು ಫೋಟೋ ಆದ್ರೂ ಬೇಡ್ವಾ?' ಅಲ್ಲಿಗೆ ತೀರ್ಮಾನ ಆಯಿತು. ಆ ತೀರ್ಮಾನ ಮಾಡಿದ್ದು ಮಂಜನ್ನೋ ಗಾಳಿಯನ್ನೋ ನೋಡಿ ಅಲ್ಲ, ದುಡ್ಡಿನ ಲೆಕ್ಕ ನೋಡಿ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳೋಣ. ನಾವು ಮಾರುತ್ತಿರುವುದೇ ಮಂಜನ್ನು. 2008ರಲ್ಲಿ ಒಂದು ಸಿನಿಮಾ ಬಂದ ಮೇಲೆ ಮಾಂದಲ್‌ಪಟ್ಟಿಗೆ ಮುಗಿಲುಪೇಟೆ ಅನ್ನುವ ಹೆಸರೇ ಅಂಟಿಕೊಂಡಿತು. ಮೋಡ ಕಾಲ ಕೆಳಗೆ ಇರುವ ಫೋಟೋವನ್ನೇ ನಾವೆಲ್ಲ ನಮ್ಮ ಹೋಂಸ್ಟೇ ಪೇಜಿನಲ್ಲಿ ಹಾಕುತ್ತೇವೆ. ಹಾಗಿರುವಾಗ, 'ಆಂಟಿ, ಮಂಜು ಇದ್ರೆ ಇನ್ನೂ ಚೆನ್ನಾಗಿರುತ್ತೆ ಅಲ್ವಾ?' ಅಂತ ಕೇಳುವ ಹುಡುಗಿಗೆ ನಾನು ಏನು ಹೇಳಲಿ? ಫೋಟೋದಲ್ಲಿರುವುದು ಕೆಳಗಿನ ಕಣಿವೆಯಲ್ಲಿ ಮಲಗಿದ ಮೋಡ. ಜೂನ್, ಜುಲೈಯಲ್ಲಿ ಬರುವುದು ನಮ್ಮ ಮೈಮೇಲೇ ಹಾದು ಹೋಗುವ ಮೋಡ. ಎರಡೂ ಬೇರೆ ಬೇರೆ ಅಂತ ಅಲ್ಲಿ ನಿಂತಾಗಲೇ ಗೊತ್ತಾಗುವುದು.

ಬೆಟ್ಟದ ಅಂಚಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕಡತದಲ್ಲಿ ಇದು 'ವ್ಯೂ ಪಾಯಿಂಟ್' ಅನ್ನುವ ಎರಡು ಪದದಲ್ಲಿ ಮುಗಿದುಹೋಗುತ್ತದೆ.

ಮಂಜು ಪೂರ್ತಿ ದಟ್ಟವಾಗಿರುವಾಗ ಜನ ಅಷ್ಟು ಮುಂದೆ ಹೋಗುವುದಿಲ್ಲ. ಭಯ ಇರುತ್ತದೆ, ಗುಂಪಾಗಿ ನಿಂತಿರುತ್ತಾರೆ. ಕಷ್ಟ ಬರುವುದು ಮಂಜು ಸರಿದಾಗ. ಒಂದು ಕಡೆ ತೆರೆ ಎಳೆದ ಹಾಗೆ ಕಣಿವೆ ಕಾಣುತ್ತದೆ, ಎದುರು ಬೆಟ್ಟದ ಹಸಿರು ಕಾಣುತ್ತದೆ. 'ಕಾಣ್ತಿದೆ, ಕಾಣ್ತಿದೆ, ಬನ್ರೋ!' ಅಂತ ಯಾರೋ ಕೂಗುತ್ತಾರೆ. ಎಲ್ಲರೂ ಮೊಬೈಲ್ ಹಿಡಿದು ಓಡುತ್ತಾರೆ. ಅಂಚಿಗೆ ತಲುಪಿ ಕ್ಯಾಮೆರಾ ತೆಗೆಯುವಷ್ಟರಲ್ಲಿ ಮಂಜು ಮತ್ತೆ ಮುಚ್ಚಿರುತ್ತದೆ. ಈಗ ಅವರು ಅಂಚಿನ ಪಕ್ಕದಲ್ಲಿದ್ದಾರೆ, ಕಾಲಿನ ಮುಂದೆ ಏನಿದೆ ಅಂತ ಕಾಣುವುದಿಲ್ಲ, ಹಿಂದೆ ಇರುವವರು ಇನ್ನೂ ಮುಂದೆ ಬರುತ್ತಲೇ ಇದ್ದಾರೆ.

ಆ ಅಂಚೂ ಕಣ್ಣಿಗೆ ಕಂಡಲ್ಲಿ ಇರುವುದಿಲ್ಲ. ನಮ್ಮ ಬೆಟ್ಟದ ನೆತ್ತಿಯಲ್ಲಿ ಮರ ಇಲ್ಲ, ಉದ್ದ ಹುಲ್ಲು ಮಾತ್ರ. ಹುಲ್ಲಿನ ಬೇರು ಒಂದಕ್ಕೊಂದು ಹೆಣೆದುಕೊಂಡು ಚಾಪೆಯ ಹಾಗೆ ಆಗಿರುತ್ತದೆ. ಕೆಳಗಿನ ಮಣ್ಣು ಮಳೆಗೆ ಕರಗಿ ಜಾರಿ ಹೋದರೂ ಮೇಲಿನ ಹುಲ್ಲು ಹಾಗೇ ಮುಂದಕ್ಕೆ ಚಾಚಿಕೊಂಡು ನಿಂತಿರುತ್ತದೆ. ನಮ್ಮ ಕಡೆಯ ಒಬ್ಬ ಫಾರೆಸ್ಟ್ ವಾಚರ್ ನನಗೆ ಇದನ್ನು ತೋರಿಸಿದ್ದರು. ಮಳೆ ನಿಂತ ಒಂದು ಮಧ್ಯಾಹ್ನ, ಹೊಟ್ಟೆ ಅಡಿ ಹಾಕಿ ಮಲಗಿ, ಕೈಯಲ್ಲಿದ್ದ ಕೋಲನ್ನು ಹುಲ್ಲಿನ ನಡುವೆ ಚುಚ್ಚಿದರು. ಮೊದಲು ಸ್ವಲ್ಪ ತಡೆಯಿತು. ಆಮೇಲೆ ಸರಕ್ಕನೆ ಒಳಗೆ ಹೋಯಿತು. ಕೋಲನ್ನು ಆಚೀಚೆ ಅಲ್ಲಾಡಿಸಿದರೆ ಎಲ್ಲಿಯೂ ತಾಗುತ್ತಿಲ್ಲ. ಎಳೆದಾಗ ತುದಿಗೆ ಮಣ್ಣು ಕೂಡ ಅಂಟಿರಲಿಲ್ಲ. ಆ ಜಾಗದ ಪಕ್ಕದಲ್ಲೇ ಹುಲ್ಲು ಮಲಗಿ, ಶೂ ಗುರುತು ಮೂಡಿ, ಚಿಪ್ಸ್ ಪ್ಯಾಕೆಟ್ ಬಿದ್ದಿತ್ತು. ಯಾರೋ ಅಲ್ಲಿ ಕೂತು ಆರಾಮಾಗಿ ಫೋಟೋ ತೆಗೆಸಿಕೊಂಡು ಹೋಗಿದ್ದರು.

ಇದರ ಮೇಲೆ ಗಾಳಿ. ಮಳೆಗಾಲದ ಗಾಳಿ ಸಮುದ್ರದ ಕಡೆಯಿಂದ, ಪಡುವಣದಿಂದ ಬರುತ್ತದೆ. ಘಟ್ಟದ ಗೋಡೆಗೆ ಬಡಿದು ಮೇಲಕ್ಕೆ ಏರಿ, ನೆತ್ತಿ ದಾಟುವಾಗ ಜೋರಾಗುತ್ತದೆ. ಅದಕ್ಕಿಂತ ಮೋಸ ಅದು ತಟ್ಟನೆ ನಿಲ್ಲುವುದು. ಗಾಳಿಗೆ ಎದುರಾಗಿ ಮೈ ಬಾಗಿಸಿ ನಿಂತವರು, ಅದು ನಿಂತ ಕೂಡಲೇ ಬಾಗಿದ ಕಡೆಗೇ ಮುಗ್ಗರಿಸುತ್ತಾರೆ. ರೇನ್‌ಕೋಟ್ ಅಥವಾ ಛತ್ರಿ ಇದ್ದರೆ ಗಾಳಿಗೆ ಹಿಡಿದು ಎಳೆಯಲು ಇನ್ನೂ ಅನುಕೂಲ. ಮಳೆಗಾಲದಲ್ಲಿ ನಮ್ಮವರು ಗದ್ದೆಗೆ ಹೋಗುವಾಗ ಕೊಪ್ಪೆ (ತಲೆಯಿಂದ ಇಳಿಬಿಡುವ ಮಳೆ ಹೊದಿಕೆ) ಹಾಕಿ ಸೊಂಟಕ್ಕೆ ಹಗ್ಗ ಬಿಗಿಯುವುದು ಸುಮ್ನೆ ಅಲ್ಲ.

ಚಳಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಕೊಡಗಿನಲ್ಲಿ ಹಿಮ ಬೀಳುವುದಿಲ್ಲವಲ್ಲ, ಚಳಿಗೆ ಯಾರು ಸಾಯುತ್ತಾರೆ ಅಂತ. ಮಡಿಕೇರಿ ಇರುವುದು ಸುಮಾರು 1150 ಮೀಟರ್ ಎತ್ತರದಲ್ಲಿ. ಜಿಲ್ಲೆಯ ಅತಿ ಎತ್ತರದ ತಡಿಯಂಡಮೋಳ್ 1748 ಮೀಟರ್. ಅಷ್ಟು ಹತ್ತಿದರೆ ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ. ಒದ್ದೆ ಬಟ್ಟೆ, ಜೋರು ಗಾಳಿ, ಖಾಲಿ ಹೊಟ್ಟೆ, ನಿದ್ದೆಗೆಟ್ಟ ಮೈ, ಇಷ್ಟಿದ್ದರೆ 15 ಡಿಗ್ರಿಯಲ್ಲೂ ಮೈಯ ಬಿಸಿ ಇಳಿಯುತ್ತದೆ. ಒಂದು ಸಲ ನಮ್ಮ ಮನೆಗೆ ಬಂದ ಹುಡುಗ ಜೀನ್ಸ್, ಕಾಟನ್ ಹೂಡಿ ಹಾಕಿಕೊಂಡು ಹೋದವನು ಸಂಜೆ ವಾಪಸ್ ಬಂದಾಗ ಮಾತು ತೊದಲುತ್ತಿತ್ತು. ಕುಡಿದಿದ್ದಾನೆ ಅಂತಲೇ ಅಂದುಕೊಂಡರು ಜೊತೆಯವರು. ಕುಡಿದಿರಲಿಲ್ಲ. ಬ್ಯಾಗಿನ ಬಕಲ್ ಬಿಚ್ಚಲು ಹೋಗಿ ಬೆರಳು ಮಡಚಲಾಗದೆ ಅದನ್ನೇ ನೋಡುತ್ತಾ ನಿಂತಿದ್ದ. ನಾವು ಒದ್ದೆ ಬಟ್ಟೆ ಬಿಚ್ಚಿಸಿ, ಕಂಬಳಿ ಸುತ್ತಿ, ಒಲೆಯ ಕೋಣೆಯಲ್ಲಿ ಕೂರಿಸಿ, ನಿಧಾನಕ್ಕೆ ಬೆಲ್ಲದ ಕಾಫಿ ಕುಡಿಸಿದೆವು. ಅದೇ ಬೆರಳು, ಅದೇ ಕಾಲು ಇಟ್ಟುಕೊಂಡು ಅವನು ಬೆಟ್ಟದ ಅಂಚಿನಿಂದ ಇಳಿದು ಬಂದಿದ್ದ. ಜಾರಿ ಬಿದ್ದರು ಅನ್ನುವ ಸುದ್ದಿ ಬಂದಾಗಲೆಲ್ಲ ನಾವು ಕಲ್ಲು, ಪಾಚಿ ಅನ್ನುತ್ತೇವೆ. ಚಳಿಗೆ ಕಾಲು ಮರಗಟ್ಟಿರಬಹುದು ಅಂತ ಯಾರೂ ಯೋಚಿಸುವುದಿಲ್ಲ.

ಈಗ ಆದೇಶಗಳ ವಿಷಯಕ್ಕೆ ಬರುತ್ತೇನೆ. ಮಳೆ ಜೋರಾದಾಗ ಬೆಟ್ಟ, ಜಲಪಾತಗಳಿಗೆ ಪ್ರವೇಶ ನಿಲ್ಲಿಸುವುದು ಸರಿ. ಅದರ ಬಗ್ಗೆ ನನ್ನ ತಕರಾರಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲದ ಕಡೆ ಬೆಟ್ಟವೇ ಜರಿದದ್ದನ್ನು ನೋಡಿದವರು ನಾವು. 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಹೋಯಿತು. ಆಗಸ್ಟಿನಲ್ಲಿ ನೆಲ ನೀರು ಕುಡಿದು ತುಂಬಿರುವಾಗ ಯಾರೂ ಮೇಲೆ ಹೋಗಬೇಕಾಗಿಲ್ಲ. ರಸ್ತೆ ಪಕ್ಕದ ಬರೆ, ಅಂದರೆ ಕಡಿದಾದ ಮಣ್ಣಿನ ದಂಡೆ, ಯಾವಾಗ ಕುಸಿಯುತ್ತದೆ ಅಂತ ನಮಗೇ ಗೊತ್ತಿರುವುದಿಲ್ಲ.

ತೊಂದರೆ ಇರುವುದು ಆದೇಶ ಇಲ್ಲದ ದಿನಗಳಲ್ಲಿ. ಹವಾಮಾನ ಇಲಾಖೆಯ ಅಲರ್ಟ್ ಇಡೀ ಜಿಲ್ಲೆಗೆ ಒಂದೇ ಬಣ್ಣ. ಕುಶಾಲನಗರದಲ್ಲಿ ಬಟ್ಟೆ ಒಣಗುವ ಬಿಸಿಲು ಇರುವಾಗ ಭಾಗಮಂಡಲದಲ್ಲಿ ಹೊಳೆ ರಸ್ತೆಗೆ ಬಂದಿರುತ್ತದೆ. ಎರಡಕ್ಕೂ ಒಂದೇ ಬಣ್ಣ. ಅದೂ ಬಹುಮಟ್ಟಿಗೆ ಮಳೆಯ ಲೆಕ್ಕ. 24 ಗಂಟೆಯಲ್ಲಿ 115.6 ಮಿಲಿಮೀಟರ್ ದಾಟಿದರೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು ಅಂತ ವಿಂಗಡಣೆ. ಅಂಚಿನಿಂದ ಬೀಳಲು ಇಷ್ಟೆಲ್ಲ ಮಳೆ ಬೇಕಾಗಿಲ್ಲ. ಸೋನೆ ಮಳೆ, ದಟ್ಟ ಮಂಜು, ಸ್ವಲ್ಪ ಗಾಳಿ ಸಾಕು. ಅಂಥ ದಿನ ಯಾವ ಅಲರ್ಟೂ ಇರುವುದಿಲ್ಲ, ಗೇಟು ತೆರೆದೇ ಇರುತ್ತದೆ. ಗೇಟು ತೆರೆದಿದೆ ಅಂದರೆ ಸರ್ಕಾರವೇ ಪರವಾಗಿಲ್ಲ ಅಂದ ಹಾಗೆ ಅಂತ ಜನ ಅರ್ಥ ಮಾಡಿಕೊಳ್ಳುತ್ತಾರೆ. ತಪ್ಪೇನಿದೆ ಅದರಲ್ಲಿ?

ಇನ್ನು ಸಿಡಿಲು. ಕೆಟ್ಟ ಹವಾಮಾನ ಅಂದರೆ ಜೂನ್‌ನಿಂದ ಸೆಪ್ಟೆಂಬರ್ ಅಂತ ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಬೆಟ್ಟದ ನೆತ್ತಿಯಲ್ಲಿ ಸಿಡಿಲಿನ ಭಯ ಜಾಸ್ತಿ ಇರುವುದು ಅದಕ್ಕೆ ಮೊದಲು ಮತ್ತು ಆಮೇಲೆ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬರಲಿ ಅಂತ ನಾವು ಆಕಾಶ ನೋಡುತ್ತಾ ಕೂರುವ ಮಾರ್ಚ್, ಏಪ್ರಿಲ್‌ನಲ್ಲಿ, ಮೇಯಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಾಮಾನ್ಯ. ಬೆಳಿಗ್ಗೆ ಆಕಾಶ ನೀಲಿ ಇರುತ್ತದೆ. ಹನ್ನೆರಡಕ್ಕೆ ಹೊರಟವರು ಮೂರಕ್ಕೆ ಬೋಳು ಬೆಟ್ಟದ ತುದಿಯಲ್ಲಿರುತ್ತಾರೆ. ಅಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ಅವರೇ. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ ಅಂತ ಲೆಕ್ಕ. ಆಗಲೇ ಇಳಿಯಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು. ಇದನ್ನು ಗೇಟಿನಲ್ಲಿ ಹೇಳುವವರು ಯಾರು?

ಗೇಟು ಸುಮ್ಮನೆ ಮುಚ್ಚಿಬಿಟ್ಟರೆ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ರೂಮಿನ ದುಡ್ಡು ಹೋಗಿದೆ, ರಜೆ ಹೋಗಿದೆ, ಏನಾದರೂ ನೋಡಲೇಬೇಕು ಅನ್ನುವವರು ತೋಟದ ಒಳದಾರಿ ಕೇಳುತ್ತಾರೆ. ಗೂಗಲ್ ಮ್ಯಾಪಿನಲ್ಲಿ ಗೆರೆ ಕಾಣುತ್ತದೆ. ಅದು ದನ ಹೋಗುವ ದಾರಿಯೋ, ಆನೆ ಹೋಗುವ ದಾರಿಯೋ ಅಂತ ಮ್ಯಾಪು ಹೇಳುವುದಿಲ್ಲ. ಹಾಗೆ ಹೋದವರ ಹೆಸರು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಕತ್ತಲಾದ ಮೇಲೆ ಬಾರದಿದ್ದರೆ ಎಷ್ಟು ಜನ ಹೋದರು, ಯಾವ ಕಡೆ ಹೋದರು ಅಂತ ಯಾರಿಗೂ ಗೊತ್ತಿಲ್ಲ. ಕೊನೆಗೆ ಟಾರ್ಚ್ ಹಿಡಿದು ಹೊರಡುವುದು ಊರಿನ ಹುಡುಗರು ಮತ್ತು ವಾಚರ್‌ಗಳು. ಅವರ ಮನೆಯಲ್ಲೂ ಅಮ್ಮಂದಿರು ಇದ್ದಾರೆ, ಅಲ್ವಾ?

ಆದ್ದರಿಂದ ನಿಷೇಧ ಜಾಸ್ತಿ ಮಾಡಿ ಅಂತ ನಾನು ಕೇಳುತ್ತಿಲ್ಲ. ತಿರುಗಿ ಬರುವುದನ್ನು ಸುಲಭ ಮಾಡಿ ಅಂತ ಕೇಳುತ್ತಿದ್ದೇನೆ.

ಮೊದಲನೆಯದಾಗಿ, ಅವತ್ತಿನ ತೀರ್ಮಾನ ಚೆಕ್‌ಪೋಸ್ಟಿನಲ್ಲಿರುವ ಸಿಬ್ಬಂದಿಯ ಕೈಯಲ್ಲಿರಲಿ, ಅದೂ ಬರಹದಲ್ಲಿ. ಬೆಟ್ಟದ ಮೇಲೆ ಏನಾಗುತ್ತಿದೆ ಅಂತ ಆ ಕ್ಷಣದಲ್ಲಿ ಗೊತ್ತಿರುವವರು ಅವರೇ. ಈಗ ಅವರು ಗೇಟು ಹಾಕಿದರೆ ಪ್ರವಾಸಿ ಜಗಳ ಮಾಡುತ್ತಾನೆ, ಜೀಪಿನವರು ಮುಖ ತಿರುಗಿಸುತ್ತಾರೆ, ಯಾರೋ ದೊಡ್ಡವರಿಂದ ಫೋನ್ ಬರುತ್ತದೆ. ದಿನಗೂಲಿಯ ವಾಚರ್ ಅದನ್ನೆಲ್ಲ ಎದುರಿಸಿ ನಿಲ್ಲಲಿ ಅನ್ನುವುದು ನ್ಯಾಯ ಅಲ್ಲ. 'ಇಂಥ ಗುರುತಿನ ಕಲ್ಲು ಗೇಟಿನಿಂದ ಕಾಣದಿದ್ದರೆ, ಗುಡುಗು ಕೇಳಿದರೆ, ಇಷ್ಟು ಗಂಟೆಯ ಮೇಲಾದರೆ ಬಿಡುವಂತಿಲ್ಲ' ಅಂತ ಜಿಲ್ಲಾಧಿಕಾರಿಗಳ ಸಹಿ ಇರುವ ಒಂದು ಹಾಳೆ ಗೋಡೆಗೆ ಅಂಟಿಸಿದ್ದರೆ ಅವರು ಬೆರಳು ತೋರಿಸಿ ಸುಮ್ಮನಾಗಬಹುದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಮಳೆ ಅಳೆದು ಕಳುಹಿಸುವ ಮಾಪಕಗಳು ನಮ್ಮ ರಾಜ್ಯದಲ್ಲಿವೆ. ಪಕ್ಕದ ಪಂಚಾಯಿತಿಯ ಅಂಕಿ ಬೆಳಿಗ್ಗೆ ಗೇಟಿಗೆ ಬಂದರೆ ಇನ್ನೂ ಒಳ್ಳೆಯದು.

ಆಮೇಲೆ ದುಡ್ಡು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಂಗುಳಿ ಆದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅನ್ನುವ ಮಿತಿ ಬಂತು. ಒಳ್ಳೆಯ ಕೆಲಸ. ಯಾರು ಹೋದರು ಅನ್ನುವ ಲೆಕ್ಕವಾದರೂ ಸಿಗುತ್ತದೆ. ಆದರೆ ದಿನಾಂಕ ಹಾಕಿ ಮುಂಗಡ ದುಡ್ಡು ಕಟ್ಟಿದವರು ಅದೇ ದಿನ ಹತ್ತಲೇಬೇಕು ಅಂತ ಹಟ ಹಿಡಿಯುತ್ತಾರೆ, ಅದು ಮನುಷ್ಯ ಸ್ವಭಾವ. ಗೇಟಿನಿಂದ ತಿರುಗಿಸಿದವರ ಟಿಕೆಟ್ ಮೇಲೆ ಒಂದು ಸೀಲ್ ಹೊಡೆಯಿರಿ. ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಅದೇ ಟಿಕೆಟಿನಲ್ಲಿ ಬರಲಿ. ಅರ್ಧ ಹತ್ತಿ ತಾವಾಗಿಯೇ ತಿರುಗಿದವರಿಗೂ ಇದೇ ಸೌಲಭ್ಯ ಕೊಡಿ. ಈ ಮಾತು ಟಿಕೆಟ್ ತೆಗೆಯುವಾಗಲೇ ದೊಡ್ಡ ಅಕ್ಷರದಲ್ಲಿ ಕಾಣಬೇಕು. ವಾಪಸ್ ಬಂದ ಮೇಲೆ ಗೊತ್ತಾದರೆ ಪ್ರಯೋಜನ ಇಲ್ಲ.

ಜೀಪಿನ ವಿಷಯ ಸ್ವಲ್ಪ ಕಷ್ಟ, ಗೊತ್ತಿದೆ. ಡೀಸೆಲ್ ಖರ್ಚು ಪ್ರವಾಸಿ ಕೊಡಲಿ. ಡ್ರೈವರಿನ ಉಳಿದ ಕೂಲಿಯಲ್ಲಿ ಒಂದು ಭಾಗವನ್ನಾದರೂ ಪ್ರವೇಶ ಶುಲ್ಕದಿಂದ ತೆಗೆದಿಟ್ಟ ನಿಧಿಯಿಂದ ಕೊಡಬಹುದು. ಎಲ್ಲರೂ ಸುಳ್ಳು ಹೇಳಿ ದುಡ್ಡು ತೆಗೆದುಕೊಳ್ಳುತ್ತಾರೆ ಅನ್ನುವ ಅನುಮಾನ ಬರುತ್ತದೆ. ಗೇಟಿನಲ್ಲಿ ಸೀಲ್ ಹಾಕುವವರು ಒಬ್ಬರೇ, ಜೀಪಿನ ನಂಬರು ರಿಜಿಸ್ಟರಿನಲ್ಲಿರುತ್ತದೆ. ಮೋಸ ಮಾಡುವಷ್ಟು ದೊಡ್ಡ ಮೊತ್ತವೂ ಅಲ್ಲ. ಒಂದು ರಾತ್ರಿ ಹುಡುಕಾಟಕ್ಕೆ ಪೊಲೀಸ್, ಅಗ್ನಿಶಾಮಕ, ಅರಣ್ಯ ಸಿಬ್ಬಂದಿ, ಆಂಬುಲೆನ್ಸ್ ಎಲ್ಲ ಓಡಾಡುವ ಖರ್ಚಿನ ಪಕ್ಕದಲ್ಲಿಟ್ಟು ನೋಡಿ.

ಹೋಂಸ್ಟೇಯವರೇ, ನಮ್ಮದೂ ಪಾಲಿದೆ. ಹವಾಮಾನದ ಕಾರಣಕ್ಕೆ ದಿನಾಂಕ ಬದಲಿಸಿದರೆ ಮುಂಗಡ ಹಾಗೇ ಇರಲಿ ಅಂತ ನಾವೆಲ್ಲ ಒಟ್ಟಾಗಿ ಒಪ್ಪಿಕೊಳ್ಳೋಣ. ಒಬ್ಬರು ಮಾಡಿ ಇನ್ನೊಬ್ಬರು ಬಿಟ್ಟರೆ ನಡೆಯುವುದಿಲ್ಲ. ಬೆಟ್ಟಕ್ಕೆ ಹೋಗುವವರಿಗೆ ತಿಂಡಿ ತಿನ್ನಿಸದೆ ಕಳುಹಿಸಬೇಡಿ. ಒಣ ಬಟ್ಟೆಯ ಒಂದು ಜೊತೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿ. ಜಿಗಣೆಗೆ ಉಪ್ಪು, ಹೊಗೆಸೊಪ್ಪು ಕೊಡುವುದನ್ನು ಮರೆಯುವುದಿಲ್ಲ ನಾವು, ಇದನ್ನು ಮಾತ್ರ ಮರೆಯುತ್ತೇವೆ. ಇಷ್ಟು ಹೊತ್ತಿಗೆ ಬಾರದಿದ್ದರೆ 112ಕ್ಕೆ ಫೋನ್ ಮಾಡುತ್ತೇನೆ ಅಂತ ಹೊರಡುವಾಗಲೇ ಹೇಳಿಬಿಡಿ. ಮೇಲೆ ಬಹಳ ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಅವರು ಫೋನ್ ಮಾಡಲಿ ಅಂತ ಕಾಯುತ್ತಾ ಕೂತರೆ ಕತ್ತಲಾಗುತ್ತದೆ.

ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಸುರಕ್ಷತೆಯ ಹೆಸರಿನಲ್ಲಿ ಅಂಚಿನವರೆಗೆ ಕಾಂಕ್ರೀಟ್ ಮೆಟ್ಟಿಲು, ಗಾಜಿನ ಕಟ್ಟೆ, ಪಾರ್ಕಿಂಗ್ ಅಂತ ಬೆಟ್ಟ ಅಗೆಯಬೇಡಿ. 2018ರ ನಂತರ ಬಂದ ಭೂವಿಜ್ಞಾನಿಗಳೂ ಇಳಿಜಾರನ್ನು ಕಡಿದು ಸಮತಟ್ಟು ಮಾಡಿದ್ದರ ಕಡೆಗೆ ಬೊಟ್ಟು ಮಾಡಿದ್ದರು. ಅಂಚಿನಿಂದ ಹತ್ತು ಹೆಜ್ಜೆ ಹಿಂದೆ ಬಿಳಿ ಬಣ್ಣ ಬಳಿದ ಕಲ್ಲುಗಳ ಒಂದು ಸಾಲು ಸಾಕು. ಮಂಜಿನಲ್ಲೂ ಕಾಲಿಗೆ ತಾಗುವ ಹಾಗೆ ಇರಲಿ. ಇದರಾಚೆ ನೆಲ ಇಲ್ಲ, ಹುಲ್ಲು ಮಾತ್ರ ಇದೆ ಅಂತ ಒಂದು ಬೋರ್ಡು ಇರಲಿ. ಕನ್ನಡದ ಜೊತೆಗೆ ಮಲಯಾಳಂ, ತಮಿಳು, ಹಿಂದಿ, ಇಂಗ್ಲಿಷಿನಲ್ಲೂ ಬರೆಸಿ. 'ಅಪಾಯ' ಅನ್ನುವ ಕೆಂಪು ಬೋರ್ಡಿನ ಮುಂದೆ ನಿಂತೇ ಜನ ಸೆಲ್ಫಿ ತೆಗೆಯುತ್ತಾರೆ. ಯಾಕೆ ಅಪಾಯ ಅಂತ ಹೇಳಿದರೆ ಕೆಲವರಾದರೂ ನಿಲ್ಲುತ್ತಾರೆ.

ಇದಕ್ಕೆಲ್ಲ ಹೊಸ ಕಾನೂನು ಬೇಕಾಗಿಲ್ಲ, ದೊಡ್ಡ ಬಜೆಟ್ಟೂ ಬೇಡ. ಹೂಮಳೆ ಮುಗಿದು ಮುಂಗಾರು ಬರುವುದರೊಳಗೆ, ಮೇ ತಿಂಗಳ ಯಾವುದಾದರೂ ಒಂದು ದಿನ ಮಡಿಕೇರಿಯಲ್ಲಿ ಸಭೆ ಕರೆಯಿರಿ. ಅಧಿಕಾರಿಗಳ ಜೊತೆ ಗೇಟಿನಲ್ಲಿ ನಿಲ್ಲುವ ವಾಚರ್‌ಗಳನ್ನೂ, ಜೀಪಿನ ಡ್ರೈವರ್‌ಗಳನ್ನೂ, ರಾತ್ರಿ ಟಾರ್ಚ್ ಹಿಡಿದು ಹೋಗುವ ಹುಡುಗರನ್ನೂ ಕರೆಯಿರಿ. ಅವರಿಗೆ ಮಾತಾಡಲು ಮೊದಲು ಅವಕಾಶ ಕೊಡಿ. ಸಭೆಯನ್ನು ಶನಿವಾರವೋ ಭಾನುವಾರವೋ ಇಡಬೇಡಿ, ಆ ದಿನ ಜೀಪಿನವರು ಯಾರೂ ಬರಲಾಗುವುದಿಲ್ಲ.

ಇಂತಿ,
ಬೆಟ್ಟದ ಬುಡದ ಒಬ್ಬ ಹೋಂಸ್ಟೇ ಆಂಟಿ